ನೂರು ಕಡಲೆ, ನೂರು ರಾಗಿ: ಮೊದಲ ಸೆಮಿಸ್ಟರ್ ಕೆಮಿಸ್ಟ್ರಿಯ ಒಂದು ಪ್ರಕರಣ

ಮೊದಲ ಇಂಟರ್ನಲ್ಸ್‌ನಲ್ಲಿ ಅವಳಿಗೆ 20ಕ್ಕೆ 6 ಬಂದಿತ್ತು. ಉತ್ತರಪತ್ರಿಕೆ ಕೊಟ್ಟ ಮಾರನೇ ದಿನ ಸ್ಟಾಫ್ ರೂಮಿಗೆ ಬಂದಳು. ಕೈಯಲ್ಲಿ ಮೂರು ನೋಟ್‌ಬುಕ್. ಒಂದೊಂದಾಗಿ ಮೇಜಿನ ಮೇಲೆ ತೆರೆದಿಟ್ಟಳು. ಪುಟದ ತುಂಬ ಹಳದಿ, ಗುಲಾಬಿ ಹೈಲೈಟರ್. "ಮೇಡಂ, ಇಷ್ಟೂ ನಾಲ್ಕು ಸಲ ಓದಿದ್ದೀನಿ. ಆದ್ರೂ ಯಾಕೆ ಬರ್ಲಿಲ್ಲ, ನೀವೇ ಹೇಳಿ" ಅಂದಳು.

ನಾನು ಆ ಪ್ರಶ್ನೆಗೆ ಅವತ್ತು ಉತ್ತರ ಕೊಡಲಿಲ್ಲ. ಸೆಮಿಸ್ಟರ್ ಪರೀಕ್ಷೆಗೆ ಇನ್ನೂ 7 ವಾರ ಇತ್ತು. ಆ 7 ವಾರದಲ್ಲಿ ಏನೇನು ಮಾಡಿದೆವು, ಯಾವುದು ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳ ಒಪ್ಪಿಗೆ ಕೇಳಿದ್ದೇನೆ. ಹೆಸರು ಬೇಡ ಅಂದಳು, ಕಾಲೇಜಿನ ಹೆಸರೂ ಬೇಡ ಅಂದುಕೊಂಡೆವು. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಡಿಗ್ರಿ ಕಾಲೇಜು ಅಂತ ತಿಳಿದರೆ ಸಾಕು.

ಹುಡುಗಿ ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಪಿಯುಸಿ ಸೈನ್ಸ್ ಇಂಗ್ಲಿಷ್‌ನಲ್ಲಿ. ಸೆಕೆಂಡ್ ಪಿಯುಸಿಯಲ್ಲಿ ಕೆಮಿಸ್ಟ್ರಿ ಪಾಸಾಗಿದ್ದು ಪೂರ್ತಿ ಬಾಯಿಪಾಠದ ಬಲದಿಂದ, ಅದನ್ನು ಅವಳೇ ಹೇಳಿದಳು. ಊರಿಂದ ಕಾಲೇಜಿಗೆ ಬಸ್ಸಿನಲ್ಲಿ 40 ನಿಮಿಷ. ಮನೆಯಲ್ಲಿ ಎರಡು ಹಸು, ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕುವುದು ಅವಳ ಕೆಲಸ. ಕ್ಲಾಸಿಗೆ ಒಂದು ದಿನವೂ ತಪ್ಪಿಸಿದವಳಲ್ಲ. ಅಕ್ಷರ ಮುತ್ತಿನ ಹಾಗೆ. ಇಂಥ ಹುಡುಗಿಗೆ ಆರು ಅಂಕ ಬಂದರೆ "ಇನ್ನೂ ಚೆನ್ನಾಗಿ ಓದು" ಅನ್ನುವುದು ಉತ್ತರವೇ ಅಲ್ಲ. ಅವಳು ಓದಿಯೇ ಬಂದಿದ್ದಳು.

ಮಾರನೇ ದಿನ ಲ್ಯಾಬ್ ಮುಗಿದ ಮೇಲೆ ಕೂರಿಸಿಕೊಂಡೆ. ಒಂದು ಲೆಕ್ಕ ಕೊಟ್ಟೆ. 0.05 ಮೋಲಾರ್ (ಅಂದರೆ ಲೀಟರಿಗೆ 0.05 ಮೋಲ್) ಆಕ್ಸಾಲಿಕ್ ಆಮ್ಲದ ದ್ರಾವಣ 250 ಮಿಲಿ ಬೇಕು, ಎಷ್ಟು ಗ್ರಾಂ ಹರಳು ತೂಗಬೇಕು? ಮಾಡುವಾಗ ಮನಸ್ಸಿನಲ್ಲಿ ಏನು ಬರುತ್ತದೋ ಅದನ್ನು ಜೋರಾಗಿ ಹೇಳುತ್ತಾ ಮಾಡು ಅಂದೆ.

ಸೂತ್ರ ಥಟ್ಟನೆ ಬಂತು, ಒಂದು ಅಕ್ಷರ ತಪ್ಪಿಲ್ಲ. ಆಮೇಲೆ ಮೋಲಾರ್ ತೂಕದ, ಅಂದರೆ ಒಂದು ಮೋಲ್‌ನ ತೂಕದ, ಜಾಗದಲ್ಲಿ 90 ಬರೆದಳು. ಉತ್ತರ 1.125 ಗ್ರಾಂ. ಆದರೆ ಲ್ಯಾಬಿನ ಬಾಟಲಿಯಲ್ಲಿ ಇರುವ ಹರಳಿನ ಪ್ರತಿ ಅಣುವಿನ ಜೊತೆ ಎರಡು ನೀರಿನ ಅಣು ಸೇರಿರುತ್ತವೆ. ಅದಕ್ಕೆ 126 ಹಿಡಿಯಬೇಕು. ಸರಿಯಾದ ಉತ್ತರ 1.575 ಗ್ರಾಂ. ನನಗೆ ಆಶ್ಚರ್ಯ ಆಗಿದ್ದು ತಪ್ಪಿನಿಂದ ಅಲ್ಲ. ಎರಡು ವಾರದ ಹಿಂದೆ ಅದೇ ಲ್ಯಾಬಿನಲ್ಲಿ, ಅದೇ ತಕ್ಕಡಿಯಲ್ಲಿ, 1.57 ಗ್ರಾಂ ಆಕ್ಸಾಲಿಕ್ ಆಮ್ಲವನ್ನು ತೂಗಿದ್ದವಳು ಅವಳೇ. ರೆಕಾರ್ಡ್ ಬುಕ್ಕಿನಲ್ಲಿ ಅವಳ ಕೈಬರಹದಲ್ಲೇ ಇದೆ. ಥಿಯರಿ ನೋಟ್ಸು ಒಂದು ಕಡೆ, ರೆಕಾರ್ಡ್ ಇನ್ನೊಂದು ಕಡೆ. ಎರಡಕ್ಕೂ ಸಂಬಂಧ ಇದೆ ಅಂತ ಅವಳಿಗೆ ಯಾರೂ ತೋರಿಸಿರಲಿಲ್ಲ. ನಾನೂ ತೋರಿಸಿರಲಿಲ್ಲ.

"ಈ ಫ್ಲಾಸ್ಕಿನಲ್ಲಿ ಒಟ್ಟು ಎಷ್ಟು ಮೋಲ್ ಆಮ್ಲ ಇದೆ?" ಅಂತ ಕೇಳಿದೆ. ಸುಮ್ಮನಾದಳು.

"ಮೋಲ್ ಅಂದ್ರೆ ಏನು?"

ವ್ಯಾಖ್ಯೆ ಒಂದೇ ಉಸಿರಿಗೆ ಬಂತು. 12 ಗ್ರಾಂ ಕಾರ್ಬನ್-12ರಲ್ಲಿ ಎಷ್ಟು ಪರಮಾಣು ಇವೆಯೋ ಅಷ್ಟು ಕಣಗಳು ಇರುವ ವಸ್ತುವಿನ ಪ್ರಮಾಣ.

"ಹಾಗಾದ್ರೆ ಅದು ತೂಕಾನಾ, ಎಣಿಕೆನಾ?"

"ತೂಕ ಮೇಡಂ."

ಇಡೀ ಪ್ರಕರಣ ಇದರಲ್ಲಿತ್ತು. ಮೋಲ್ ಅನ್ನುವುದು ಎಣಿಕೆ. ಡಜನ್ ಅಂದರೆ 12 ಇದ್ದ ಹಾಗೆ, ಮೋಲ್ ಅಂದರೆ 6.022×10²³. ಅದನ್ನು ತೂಕ ಅಂದುಕೊಂಡವರಿಗೆ ಮೋಲಾರಿಟಿ, ಟೈಟ್ರೇಷನ್ (ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಬಿಟ್ಟು ಅಳೆಯುವುದು), ಯಾವ ವಸ್ತು ಮೊದಲು ಮುಗಿಯುತ್ತದೆ ಅನ್ನುವ ಲೆಕ್ಕ, ಅನಿಲ ನಿಯಮ ಎಲ್ಲವೂ ಬೇರೆ ಬೇರೆ ಮಂತ್ರಗಳಾಗಿ ಕಾಣುತ್ತವೆ. ಎಣಿಕೆ ಅಂತ ಗೊತ್ತಾದರೆ ಎಲ್ಲವೂ ಒಂದೇ ಲೆಕ್ಕ.

ಇದು ಇವಳೊಬ್ಬಳ ತೊಂದರೆ ಅಲ್ಲ. 1987ರಲ್ಲಿ ಅಮೆರಿಕದಲ್ಲಿ ನರೆನ್‌ಬರ್ನ್ ಮತ್ತು ಪಿಕರಿಂಗ್ ಅನ್ನುವ ಇಬ್ಬರು ಕಾಲೇಜಿನ ಮೊದಲ ವರ್ಷದ ಕೆಮಿಸ್ಟ್ರಿ ವಿದ್ಯಾರ್ಥಿಗಳಿಗೆ ಒಂದೇ ವಿಷಯದ ಎರಡು ಥರದ ಪ್ರಶ್ನೆ ಕೊಟ್ಟು ನೋಡಿದರು. ಒಂದು ಮಾಮೂಲಿ ಲೆಕ್ಕ. ಇನ್ನೊಂದರಲ್ಲಿ ಲೆಕ್ಕ ಇಲ್ಲ, ಕಣಗಳ ಚಿತ್ರ ನೋಡಿ ಯಾವುದು ಸರಿ ಅಂತ ಹೇಳಬೇಕು. ಲೆಕ್ಕ ಸರಿ ಮಾಡಿದ ಎಷ್ಟೋ ಮಂದಿ ಚಿತ್ರದಲ್ಲಿ ತಪ್ಪಿದರು. ಸೂತ್ರ ಬರುತ್ತಿತ್ತು, ಒಳಗೆ ಏನು ನಡೆಯುತ್ತಿದೆ ಅನ್ನುವುದು ಕಣ್ಣಿಗೆ ಕಟ್ಟಿರಲಿಲ್ಲ. ನಮ್ಮ ಹುಡುಗಿಯ ಸ್ಥಿತಿಯೂ ಅದೇ. ಚೂರು ತಿರುಗಿಸಿ ಕೇಳಿದರೆ ಸೂತ್ರ ಕೈ ಕೊಡುತ್ತಿತ್ತು.

ಮುಂದಿನ ಸೋಮವಾರ ಮನೆಯಿಂದ ಕಡಲೆಕಾಳು, ಹುರುಳಿ, ರಾಗಿ ಮೂರನ್ನೂ ಒಂದೊಂದು ಹಿಡಿ ತರಲು ಹೇಳಿದೆ. ತಂದಳು. ಮೂರರಲ್ಲೂ ನೂರು ನೂರು ಎಣಿಸಲು ಕೂತೆವು. ರಾಗಿ ಎಣಿಸುವುದು ಸುಲಭ ಅಲ್ಲ, ಎರಡು ಸಲ ಲೆಕ್ಕ ತಪ್ಪಿತು. ಕೊನೆಗೆ ಬಿಳಿ ಹಾಳೆಯ ಮೇಲೆ ಹತ್ತತ್ತರ ಗುಂಪು ಮಾಡಿ, ಪೆನ್ಸಿಲ್ ತುದಿಯಿಂದ ಒಂದೊಂದೇ ಸರಿಸಿ ಎಣಿಸಿದಳು. ಲ್ಯಾಬಿನ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ನೂರು ಕಡಲೆ 19.60 ಗ್ರಾಂ ಬಂತು. ನೂರು ಹುರುಳಿ 3.10 ಗ್ರಾಂ. ನೂರು ರಾಗಿ 0.27 ಗ್ರಾಂ.

"ಈಗ ನಂಗೆ ಸಾವಿರ ಕಡಲೆ, ಸಾವಿರ ಹುರುಳಿ ಬೇಕು. ಆದ್ರೆ ಎಣಿಸೋ ಹಾಗಿಲ್ಲ. ಏನ್ ಮಾಡ್ತೀಯ?"

"ತೂಗ್ತೀನಿ ಮೇಡಂ. ಕಡಲೆ 196 ಗ್ರಾಂ, ಹುರುಳಿ 31 ಗ್ರಾಂ."

"ಎರಡರಲ್ಲೂ ಏನು ಒಂದೇ ಇದೆ?"

ಸ್ವಲ್ಪ ಹೊತ್ತು ತಕ್ಕಡಿಯನ್ನೇ ನೋಡಿದಳು. "ಸಂಖ್ಯೆ. ತೂಕ ಬೇರೆ, ಸಂಖ್ಯೆ ಒಂದೇ." ಆಮೇಲೆ ನಾನು ಕೇಳದೆಯೇ, "ಅಂದ್ರೆ 12 ಗ್ರಾಂ ಕಾರ್ಬನ್, 23 ಗ್ರಾಂ ಸೋಡಿಯಂ ಇದೇ ಅಲ್ವಾ?" ಅಂದಳು.

ಇದೇ. ಬೀಜದ ವಿಚಾರ ತಿಳಿದವರು ಸಾವಿರ ಕಾಳಿನ ತೂಕ ಅಂತ ಒಂದು ಅಳತೆ ಬಳಸುತ್ತಾರೆ. ಮೋಲಾರ್ ತೂಕ ಅಂದರೂ ಅದೇ, ಸಾವಿರದ ಬದಲು 6.022×10²³ ಕಾಳು. ಆ ಸಂಖ್ಯೆ ಎಷ್ಟು ದೊಡ್ಡದು ಅಂತ ಅವಳ ರಾಗಿಯಿಂದಲೇ ಲೆಕ್ಕ ಹಾಕಿದೆವು. ಒಂದು ರಾಗಿ ಕಾಳು 2.7 ಮಿಲಿಗ್ರಾಂ. ಒಂದು ಮೋಲ್ ರಾಗಿ ಬೇಕು ಅಂದರೆ, ವರ್ಷಕ್ಕೆ ಹತ್ತು ಲಕ್ಷ ಟನ್ ಬೆಳೆಯುತ್ತಾ ಹೋದರೂ ಸುಮಾರು 160 ಕೋಟಿ ವರ್ಷ ಬೇಕು. ಅಷ್ಟೇ ಸಂಖ್ಯೆಯ ನೀರಿನ ಅಣು 18 ಗ್ರಾಂ ತೂಗುತ್ತದೆ, ಒಂದು ಗುಟುಕು. ಪರಮಾಣು ಎಷ್ಟು ಚಿಕ್ಕದು ಅನ್ನುವುದು ಆಗ ತಾನೇ ಅರ್ಥವಾಯಿತು ಅಂತ ಅವಳು ಆಮೇಲೆ ಹೇಳಿದಳು.

ವ್ಯಾಖ್ಯೆಯ ಬಗ್ಗೆ ಇಲ್ಲೇ ಒಂದು ಮಾತು. 2019ರ ಮೇ 20ರಿಂದ ಮೋಲ್‌ನ ವ್ಯಾಖ್ಯೆಯೇ ಬದಲಾಗಿದೆ. ಈಗ ಕಾರ್ಬನ್-12ರ ಹಂಗಿಲ್ಲ. ನಿಖರವಾಗಿ 6.02214076×10²³ ಕಣಗಳು ಇದ್ದರೆ ಒಂದು ಮೋಲ್, ಅಷ್ಟೇ. ಅಂದರೆ ಮೋಲ್ ಎಣಿಕೆ ಅನ್ನುವುದು ಈಗ ವ್ಯಾಖ್ಯೆಯಲ್ಲೇ ನೇರವಾಗಿ ಇದೆ. ಮಕ್ಕಳ ಕೈಗೆ ಬರುವ ನೋಟ್ಸುಗಳಲ್ಲಿ ಹಳೆಯದೇ ಇರುವುದನ್ನು ನಾನು ಈಗಲೂ ನೋಡುತ್ತೇನೆ. ದಯವಿಟ್ಟು ಹೊಸದನ್ನೇ ಹೇಳಿಕೊಡಿ. ಅದು ಅರ್ಥ ಮಾಡಿಕೊಳ್ಳಲೂ ಸುಲಭ.

ಎರಡನೇ ತೊಂದರೆ ಓದುವ ರೀತಿಯದು. ನಾಲ್ಕು ಸಲ ಓದಿದ್ದೀನಿ ಅಂದಿದ್ದಳಲ್ಲ, ಅದು ಅಕ್ಷರಶಃ ನಿಜ. ನೋಟ್ಸು ತೆರೆದು ಮೊದಲಿಂದ ಕೊನೆಗೆ, ಮತ್ತೆ ಮೊದಲಿಂದ ಕೊನೆಗೆ. ಪುಟ ಪರಿಚಿತ ಆಗುತ್ತದೆ. ಪರಿಚಯವನ್ನೇ ನಾವು ತಿಳಿವಳಿಕೆ ಅಂದುಕೊಳ್ಳುತ್ತೇವೆ. ಪರೀಕ್ಷೆಯಲ್ಲಿ ಪುಟ ಎದುರಿಗಿರುವುದಿಲ್ಲ.

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಅನ್ನುವ ಮನೋವಿಜ್ಞಾನಿಗಳು ಪ್ರಕಟಿಸಿದ ಒಂದು ಪ್ರಯೋಗದ ಬಗ್ಗೆ ಅವಳಿಗೆ ಹೇಳಿದೆ. ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಾಠ ಓದಲು ಕೊಟ್ಟರು. ಒಮ್ಮೆ ಓದಿದ ಮೇಲೆ ಕೆಲವರು ಮತ್ತೆ ಓದಿದರು. ಕೆಲವರು ಪಾಠ ಮುಚ್ಚಿ, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದು. ಒಂದು ವಾರದ ನಂತರ ಕೇಳಿದಾಗ ಲೆಕ್ಕ ಉಲ್ಟಾ ಆಯಿತು. ಮತ್ತೆ ಓದಿದವರಿಗೆ 42%ರಷ್ಟು ನೆನಪಿತ್ತು, ಮುಚ್ಚಿ ಬರೆದವರಿಗೆ 56%ರಷ್ಟು. ಹಿಂದಿನ ರಾತ್ರಿ ಓದಿ ಬೆಳಿಗ್ಗೆ ಪರೀಕ್ಷೆ ಬರೆಯುವವರಿಗೆ ಈ ಮಾತು ಹಿಡಿಸುವುದಿಲ್ಲ. ಏಳು ವಾರ ಇರುವವರಿಗೆ ಇದು ಬಂಗಾರ.

ಆದರೆ ನಾನು ಹಾಕಿಕೊಟ್ಟ ಮೊದಲ ವೇಳಾಪಟ್ಟಿ ಕೆಲಸಕ್ಕೆ ಬರಲಿಲ್ಲ. ಬೆಳಿಗ್ಗೆ ಐದರಿಂದ ಆರೂವರೆ, ರಾತ್ರಿ ಎಂಟರಿಂದ ಹತ್ತು ಅಂತ ಚೆಂದವಾಗಿ ಗೆರೆ ಎಳೆದು ಕೊಟ್ಟಿದ್ದೆ. ಒಂದು ವಾರ ಕಳೆದು ಕೇಳಿದರೆ ಎರಡು ದಿನ ಮಾತ್ರ ಆಗಿತ್ತು. ಐದು ಗಂಟೆಗೆ ಕೊಟ್ಟಿಗೆ ಕೆಲಸ, ರಾತ್ರಿ ಎಂಟಕ್ಕೆ ಎಷ್ಟೋ ದಿನ ಕರೆಂಟೇ ಇರುವುದಿಲ್ಲ. ಅದನ್ನು ಕೇಳದೆ ಪಟ್ಟಿ ಹಾಕಿದ್ದು ನನ್ನ ತಪ್ಪು. ಅವಳು ಮಾತ್ರ ತನ್ನದೇ ಸೋಮಾರಿತನ ಅಂದುಕೊಂಡು ಕುಗ್ಗಿದ್ದಳು.

ಎರಡನೇ ಸಲ ಅವಳನ್ನೇ ಕೇಳಿದೆ. ದಿನದಲ್ಲಿ ಯಾವ ಹೊತ್ತು ನಿಜಕ್ಕೂ ನಿನ್ನದು? ಬಸ್ಸು, ಅಂದಳು. ಬೆಳಿಗ್ಗೆ ಅವಳ ಊರಿನಿಂದಲೇ ಬಸ್ಸು ಹೊರಡುವುದರಿಂದ ಸೀಟು ಸಿಗುತ್ತಿತ್ತು. ಸರಿ, ಬಸ್ಸಿನಲ್ಲಿ ನೋಟ್ಸು ತೆರೆಯಲೇಬಾರದು ಅಂತ ನಿಯಮ ಮಾಡಿದೆವು. ಒಂದು ಖಾಲಿ ಹಾಳೆ, ಒಂದು ಪೆನ್ನು. ನಿನ್ನೆಯ ಕ್ಲಾಸಿನಲ್ಲಿ ಆಗಿದ್ದನ್ನು ನೆನಪಿನಿಂದ ಬರೆಯುವುದು. ಅಕ್ಷರ ಸೊಟ್ಟಗಾದರೂ ಚಿಂತೆಯಿಲ್ಲ. ಕಾಲೇಜಿಗೆ ಬಂದು ನೋಟ್ಸಿನ ಜೊತೆ ಹೋಲಿಸಿ, ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸುವುದು. ಮೂರು ದಿನ ಬಿಟ್ಟು ಅದೇ ವಿಷಯಕ್ಕೆ ಮತ್ತೊಂದು ಖಾಲಿ ಹಾಳೆ. ಮೊದಲ ದಿನದ ಹಾಳೆಯಲ್ಲಿ ಐದು ಸಾಲಿತ್ತು, ಉಳಿದದ್ದೆಲ್ಲ ಕೆಂಪು. ಅದನ್ನು ನನಗೆ ತೋರಿಸುವಾಗ ಅವಳ ಮುಖ ಸಣ್ಣದಾಗಿತ್ತು. ಮೂರನೇ ವಾರದ ಹೊತ್ತಿಗೆ ಕೆಂಪು ಅಂಚಿಗೆ ಸರಿದಿತ್ತು.

ಭಾಷೆಯದು ಮೂರನೆಯದು. ಇದನ್ನು ನಾವು ಮೇಷ್ಟ್ರುಗಳು ಲಘುವಾಗಿ ತೆಗೆದುಕೊಳ್ಳುತ್ತೇವೆ ಅಂತ ನನಗೆ ಅನಿಸುತ್ತದೆ. ಅವಳಿಗೆ ಉತ್ಕರ್ಷಣ, ಅಪಕರ್ಷಣ ಹತ್ತನೇ ಕ್ಲಾಸಿನಿಂದ ಚೆನ್ನಾಗಿ ಗೊತ್ತು. ಆಕ್ಸಿಡೇಷನ್, ರಿಡಕ್ಷನ್ ಅಂದಾಗ ಬೇರೆ ಯಾವುದೋ ಹೊಸ ಪಾಠ ಅಂದುಕೊಂಡು ಮೊದಲಿಂದ ಉರು ಹೊಡೆದಿದ್ದಳು. ಪ್ರತ್ಯಾಮ್ಲ, ದ್ರಾವ್ಯ, ಕ್ರಿಯಾವರ್ಧಕ ಎಲ್ಲದಕ್ಕೂ ಇದೇ ಕಥೆ. ಗೊತ್ತಿದ್ದದ್ದನ್ನೇ ಎರಡನೇ ಸಲ ಹೊರುತ್ತಿದ್ದಳು. ಒಂದು ಹಳೇ ಪ್ರಶ್ನೆಪತ್ರಿಕೆಯಲ್ಲಿ "ಅಕೌಂಟ್ ಫಾರ್ ದಿ ಫಾಲೋಯಿಂಗ್" ಅಂತ ಇತ್ತು. ಅಕೌಂಟ್ ಅಂದರೆ ಲೆಕ್ಕ ಅಂತ ತಿಳಿದು, ಲೆಕ್ಕ ಮಾಡಲು ಅಂಕಿಗಳೇ ಇಲ್ಲವಲ್ಲ ಅಂತ ಆ ಪ್ರಶ್ನೆಯನ್ನೇ ಬಿಟ್ಟಿದ್ದಳು. ಅದು ಕಾರಣ ಕೊಡಿ ಅನ್ನುವ ಪ್ರಶ್ನೆ, ಉತ್ತರ ಅವಳಿಗೆ ಗೊತ್ತಿತ್ತು! ನೋಟ್‌ಬುಕ್ಕಿನ ಕೊನೇ ಪುಟಗಳಲ್ಲಿ ಎರಡು ಸಾಲಿನ ಪಟ್ಟಿ ಶುರು ಮಾಡಿದೆವು. ಎಡಗಡೆ ಪ್ರಶ್ನೆಪತ್ರಿಕೆಯ ಪದ, ಬಲಗಡೆ ಅವಳಿಗೆ ಆಗಲೇ ಗೊತ್ತಿರುವ ಕನ್ನಡ. ಕೊನೆಗೆ ಅದು 60 ಪದ ದಾಟಲಿಲ್ಲ. ಅಷ್ಟು ಸಣ್ಣ ಗೋಡೆ ಅದು.

ನಾಲ್ಕನೇ ವಾರ ಇನ್ನೊಂದು ಕಡೆ ಎಡವಿದೆವು. ಮೋಲಾರಿಟಿಯ 20 ಲೆಕ್ಕ ಒಟ್ಟಿಗೆ ಕೊಟ್ಟಿದ್ದೆ, 18 ಸರಿ ಮಾಡಿದಳು. ಆಮೇಲೆ ಟೈಟ್ರೇಷನ್‌ನ 20, ಅದೂ ಹೆಚ್ಚುಕಡಿಮೆ ಎಲ್ಲ ಸರಿ. ಇಬ್ಬರಿಗೂ ಖುಷಿ. ಭಾನುವಾರ ಒಂದು ಹಳೇ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಕೂತರೆ ಆರು ಲೆಕ್ಕದಲ್ಲಿ ಎರಡು ಮಾತ್ರ ಬಂತು. ಯಾವುದಕ್ಕೆ ಯಾವ ದಾರಿ ಅಂತ ಆರಿಸಲು ಅವಳಿಗೆ ಗೊತ್ತಾಗಲಿಲ್ಲ. ಒಂದೇ ಥರದ ಇಪ್ಪತ್ತು ಲೆಕ್ಕ ಸಾಲಾಗಿ ಮಾಡುವಾಗ ಆರಿಸುವ ಕೆಲಸವೇ ಇರುವುದಿಲ್ಲ, ಎರಡನೇ ಲೆಕ್ಕದಿಂದ ಕೈ ತಾನಾಗಿ ಓಡುತ್ತದೆ.

ಗಣಿತದಲ್ಲಿ ಇದನ್ನು ರೋರರ್ ಮತ್ತು ಟೇಲರ್ 2007ರಲ್ಲೇ ತೋರಿಸಿದ್ದರು. ಘನಾಕೃತಿಗಳ ಗಾತ್ರ ಕಂಡುಹಿಡಿಯುವ ನಾಲ್ಕು ಥರದ ಲೆಕ್ಕ. ಒಂದು ಗುಂಪು ಒಂದೊಂದು ಥರವನ್ನು ಮುಗಿಸಿ ಮುಂದೆ ಹೋಯಿತು, ಇನ್ನೊಂದು ಗುಂಪು ನಾಲ್ಕನ್ನೂ ಕಲಸಿ ಮಾಡಿತು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪು 89% ಸರಿ, ಕಲಸಿ ಮಾಡಿದವರು 60%. ಒಂದು ವಾರ ಬಿಟ್ಟು ಪರೀಕ್ಷೆ ಮಾಡಿದಾಗ ಮೊದಲ ಗುಂಪು 20%ಕ್ಕೆ ಇಳಿದಿತ್ತು, ಕಲಸಿದವರು 63%. ಅಭ್ಯಾಸದಲ್ಲಿ ತಿಣುಕಾಡಿದವರೇ ಕೊನೆಗೆ ಗೆದ್ದರು. ನಾನು ಇದನ್ನು ಓದಿದ್ದವಳು. ಆದರೂ ಅವಳಿಗೆ ಧೈರ್ಯ ಬರಲಿ ಅಂತ ಸುಲಭದ ದಾರಿ ಹಿಡಿಸಿದ್ದೆ.

ಅಲ್ಲಿಂದ ಮುಂದೆ ಚೀಟಿ ಪದ್ಧತಿ. ಐದು ವರ್ಷದ ಪ್ರಶ್ನೆಪತ್ರಿಕೆಗಳ ಲೆಕ್ಕಗಳನ್ನೆಲ್ಲ ಕತ್ತರಿಸಿ ಒಂದು ಸ್ವೀಟ್ ಡಬ್ಬಕ್ಕೆ ಹಾಕಿದೆವು. ದಿನಕ್ಕೆ ನಾಲ್ಕು ಚೀಟಿ ಎತ್ತುವುದು. ಲೆಕ್ಕ ಶುರು ಮಾಡುವ ಮೊದಲು ಒಂದು ಸಾಲು ಕನ್ನಡದಲ್ಲಿ ಬರೆಯಬೇಕು: ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ, ಮಧ್ಯೆ ಮೋಲ್ ಎಲ್ಲಿ ಬರುತ್ತದೆ.

ತಪ್ಪಾದ ಲೆಕ್ಕಗಳಿಗೆ ಅಂತಲೇ ಒಂದು ಪ್ರತ್ಯೇಕ ಪುಸ್ತಕ ಇಟ್ಟಿದ್ದೆವು. ಅದಕ್ಕೆ ಅವಳು ಇಟ್ಟ ಹೆಸರು ತಪ್ಪಿನ ಪುಸ್ತಕ. ಬರೀ ಸರಿ ಉತ್ತರ ಬರೆದರೆ ಸಾಲದು, ಯಾಕೆ ತಪ್ಪಿತು ಅನ್ನುವುದನ್ನು ಒಂದು ಸಾಲಿನಲ್ಲಿ ಬರೆಯಬೇಕು. ಐದನೇ ವಾರದ ಕೊನೆಗೆ 31 ತಪ್ಪು ಸೇರಿದ್ದವು. ಕೂತು ವಿಂಗಡಿಸಿದೆವು. 14ರಲ್ಲಿ ಮಿಲಿ ಲೀಟರನ್ನು ಲೀಟರ್‌ಗೆ ತಿರುಗಿಸಿರಲಿಲ್ಲ. 9ರಲ್ಲಿ ಸಮೀಕರಣ ಸರಿದೂಗಿಸದೆ ಮುಂದೆ ಹೋಗಿದ್ದಳು. 5ರಲ್ಲಿ ಪ್ರಶ್ನೆಯನ್ನೇ ತಪ್ಪಾಗಿ ಓದಿದ್ದಳು. ಉಳಿದ 3 ಮಾತ್ರ ಗುಣಾಕಾರ, ಭಾಗಾಕಾರದ ತಪ್ಪು. ಅವಳು ಅಲ್ಲಿಯವರೆಗೆ "ನಂಗೆ ಲೆಕ್ಕಾನೇ ಬರಲ್ಲ" ಅನ್ನುತ್ತಿದ್ದಳು. ಈ ಪಟ್ಟಿ ನೋಡಿದ ಮೇಲೆ ಆ ಮಾತು ಮತ್ತೆ ಆಡಲಿಲ್ಲ. ಅವಳಿಗೆ ಬಾರದೆ ಇದ್ದದ್ದು ಎರಡು ಅಭ್ಯಾಸ, ಅಷ್ಟೇ: ಪ್ರತಿ ಅಂಕಿಯ ಪಕ್ಕ ಅದರ ಮಾನ ಬರೆಯುವುದು, ಲೆಕ್ಕಕ್ಕೆ ಮೊದಲು ಸಮೀಕರಣ ಬರೆಯುವುದು.

ಸಮೀಕರಣದ 9 ತಪ್ಪುಗಳಲ್ಲಿ ಹೆಚ್ಚಿನವು ಒಂದೇ ಜಾಗದವು. ಮೋಲಾರಿಟಿ ಗುಣಿಸು ಗಾತ್ರ, ಆಮ್ಲದ್ದು ಒಂದು ಕಡೆ, ಪ್ರತ್ಯಾಮ್ಲದ್ದು ಇನ್ನೊಂದು ಕಡೆ, ಎರಡೂ ಸಮ ಅಂತ ಎಲ್ಲರೂ ಕಲಿಯುವ ಸೂತ್ರ ಇದೆಯಲ್ಲ, ಅದು. ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಸೋಡಿಯಂ ಹೈಡ್ರಾಕ್ಸೈಡ್‌ಗೆ ಅದು ಸರಿ, ಒಂದಕ್ಕೊಂದು. ಸಲ್ಫ್ಯೂರಿಕ್ ಆಮ್ಲದ ಒಂದು ಅಣುವಿಗೆ ಎರಡು ಸೋಡಿಯಂ ಹೈಡ್ರಾಕ್ಸೈಡ್ ಬೇಕು. 0.1 ಮೋಲಾರ್ ಸಲ್ಫ್ಯೂರಿಕ್ ಆಮ್ಲ 25 ಮಿಲಿ ಇದ್ದರೆ, 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 50 ಮಿಲಿ ಹಿಡಿಯುತ್ತದೆ. ಸೂತ್ರವನ್ನು ಕಣ್ಣು ಮುಚ್ಚಿ ಹಾಕಿದರೆ 25 ಬರುತ್ತದೆ. ಆ ಸೂತ್ರವನ್ನು ಪರೀಕ್ಷೆ ಮುಗಿಯುವವರೆಗೆ ಮರೆತುಬಿಡು ಅಂದೆ. ಮೊದಲು ಆಮ್ಲ ಎಷ್ಟು ಮೋಲ್ ಅಂತ ಎಣಿಸು, ಸಮೀಕರಣ ನೋಡಿ ಪ್ರತ್ಯಾಮ್ಲ ಎಷ್ಟು ಮೋಲ್ ಬೇಕು ಅಂತ ಹೇಳು, ಆಮೇಲೆ ಮಿಲಿ ಲೀಟರಿಗೆ ಬಾ. ಎರಡು ಸಾಲು ಜಾಸ್ತಿ ಆಗುತ್ತದೆ, ಆದರೆ ದಾರಿ ತಪ್ಪುವುದಿಲ್ಲ.

ಯಾವುದು ಮೊದಲು ಮುಗಿಯುತ್ತದೆ ಅನ್ನುವ ಲೆಕ್ಕಕ್ಕೆ ಹೋಳಿಗೆ ಸಾಕಾಯಿತು. ಹೂರಣದ ಉಂಡೆ 30 ಇದ್ದು ಕಣಕದ ಉಂಡೆ 20 ಇದ್ದರೆ ಹೋಳಿಗೆ 20, ಹೂರಣ ಉಳಿಯುತ್ತದೆ. ಯಾವುದರ ತೂಕ ಜಾಸ್ತಿ ಅಂತ ಯಾರೂ ನೋಡುವುದಿಲ್ಲ. ಆಮೇಲೆ 28 ಗ್ರಾಂ ನೈಟ್ರೋಜನ್, 8 ಗ್ರಾಂ ಹೈಡ್ರೋಜನ್ ಕೊಟ್ಟು ಎಷ್ಟು ಅಮೋನಿಯ ಬರುತ್ತದೆ ಅಂತ ಕೇಳಿದೆ. ಒಂದು ತಿಂಗಳ ಹಿಂದೆ ಆಗಿದ್ದರೆ 8 ಕಡಿಮೆ, ಹೈಡ್ರೋಜನ್ ಮೊದಲು ಮುಗಿಯುತ್ತದೆ ಅನ್ನುತ್ತಿದ್ದಳು. ಈಗ ಮೋಲ್ ಎಣಿಸಿದಳು. ನೈಟ್ರೋಜನ್ 1, ಹೈಡ್ರೋಜನ್ 4. ಒಂದು ನೈಟ್ರೋಜನ್‌ಗೆ ಮೂರು ಹೈಡ್ರೋಜನ್ ಸಾಕು. ನೈಟ್ರೋಜನ್ ಮುಗಿಯುತ್ತದೆ, ಅಮೋನಿಯ 34 ಗ್ರಾಂ, ಹೈಡ್ರೋಜನ್ 2 ಗ್ರಾಂ ಉಳಿಯುತ್ತದೆ. "34ಕ್ಕೆ 2 ಸೇರಿದ್ರೆ 36, ಕೊಟ್ಟಿದ್ದೂ 36. ಸರಿ ಇದೆ ಮೇಡಂ" ಅಂತ ತಾನೇ ತಾಳೆ ನೋಡಿದಳು. ಈ ತಾಳೆ ನೋಡುವುದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಲ್ಯಾಬಿನ ಎರಡು ದಿನಗಳ ಬಗ್ಗೆ ಹೇಳಲೇಬೇಕು. ಪರೀಕ್ಷೆಗೆ ಓದುವುದು ಅಂದರೆ ಪುಸ್ತಕದ ಮುಂದೆ ಕೂರುವುದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಇವಳ ವಿಷಯದಲ್ಲಿ ಅರ್ಧ ಓದು ಬ್ಯುರೆಟ್ (ದ್ರಾವಣವನ್ನು ಹನಿಹನಿಯಾಗಿ ಬಿಡುವ ಅಳತೆ ಕೊಳವೆ) ಎದುರಿಗೆ ಆಯಿತು.

ಒಂದು, ಪೊಟ್ಯಾಸಿಯಂ ಪರ್ಮಾಂಗನೇಟ್ ಮತ್ತು ಆಕ್ಸಾಲಿಕ್ ಆಮ್ಲದ ಟೈಟ್ರೇಷನ್. ಬಿಸಿ ಮಾಡಿದ ಆಮ್ಲಕ್ಕೆ ಮೊದಲ ಹನಿ ಬಿತ್ತು. ಗುಲಾಬಿ ಬಣ್ಣ ಹಾಗೇ ನಿಂತಿತು. "ಮೇಡಂ, ಆಗಲೇ ಎಂಡ್ ಪಾಯಿಂಟ್ ಬಂತಾ?" ಅಂದಳು, ಕ್ರಿಯೆ ಮುಗಿಯಿತಾ ಅಂತ. ಸುಮ್ನೆ ಅಲ್ಲಾಡಿಸುತ್ತಿರು ಅಂದೆ. ಸ್ವಲ್ಪ ಹೊತ್ತಿಗೆ ಬಣ್ಣ ಹೋಯಿತು. ಎರಡನೇ ಹನಿಯದು ಬೇಗ ಹೋಯಿತು. ನಾಲ್ಕನೆಯದು ಬಿದ್ದ ಕೂಡಲೇ ಮಾಯ. ಯಾಕೆ? ಕ್ರಿಯೆಯಲ್ಲಿ ಹುಟ್ಟುವ ಮ್ಯಾಂಗನೀಸ್ ಅಯಾನೇ ಆ ಕ್ರಿಯೆಗೆ ಕ್ರಿಯಾವರ್ಧಕ. ಮೊದಲು ಅದು ಇರುವುದಿಲ್ಲ, ಅದಕ್ಕೇ ನಿಧಾನ. ಆ ದಿನ ಬಸ್ಸಿನ ಹಾಳೆಯಲ್ಲಿ ಇದನ್ನು ಪೂರ್ತಿ ಒಂದು ಪುಟ ಬರೆದಿದ್ದಳು. ಹೈಡ್ರೋಕ್ಲೋರಿಕ್ ಆಮ್ಲ ಯಾಕೆ ಹಾಕಬಾರದು ಅನ್ನುವುದನ್ನೂ ಸೇರಿಸಿ: ಪರ್ಮಾಂಗನೇಟ್ ಕ್ಲೋರೈಡನ್ನೂ ಉತ್ಕರ್ಷಿಸಿ ಕ್ಲೋರಿನ್ ಮಾಡುತ್ತದೆ, ರೀಡಿಂಗ್ ಜಾಸ್ತಿ ಬರುತ್ತದೆ. ಅದಕ್ಕೇ ಸಲ್ಫ್ಯೂರಿಕ್ ಆಮ್ಲ. ಹೈಲೈಟರ್ ಹಾಕಿ ನಾಲ್ಕು ಸಲ ಓದಿದ್ದ ಸಾಲು ಅದು. ಕಾರಣ ಸಿಕ್ಕಿದ್ದು ಅವತ್ತೇ.

ಇನ್ನೊಂದು, ನೀರಿನ ಗಡಸುತನ. ಅವಳ ಊರಿನ ಬೋರ್‌ವೆಲ್ ನೀರಿನಲ್ಲಿ ಸೋಪು ನೊರೆ ಬರುವುದಿಲ್ಲ, ಬೇಳೆ ಬೇಗ ಬೇಯುವುದಿಲ್ಲ. ಒಂದು ಬಾಟಲಿಯಲ್ಲಿ ಅದೇ ನೀರು ತರಲು ಹೇಳಿದೆ. 50 ಮಿಲಿ ನೀರು, ಅಮೋನಿಯ ಬಫರ್ ಹಾಕಿ ಪಿಎಚ್ 10ಕ್ಕೆ ತಂದು, ಸೂಚಕ ಹಾಕಿದರೆ ದ್ರಾಕ್ಷಾರಸದ ಕೆಂಪು. 0.01 ಮೋಲಾರ್ ಇಡಿಟಿಎ (ಲೋಹದ ಅಯಾನುಗಳನ್ನು ಹಿಡಿದುಕೊಳ್ಳುವ ರಾಸಾಯನಿಕ) ಬಿಡುತ್ತಾ ಹೋದಳು. 21.0 ಮಿಲಿ ಆದಾಗ ನೀಲಿಗೆ ತಿರುಗಿತು. ಇಡಿಟಿಎ ಗಡಸುತನ ತರುವ ಕ್ಯಾಲ್ಸಿಯಂ ಜೊತೆಗೂ ಮೆಗ್ನೀಸಿಯಂ ಜೊತೆಗೂ ಒಂದಕ್ಕೊಂದು ಸೇರುತ್ತದೆ. ಈ ಇಡಿಟಿಎ 1 ಮಿಲಿ ಅಂದರೆ 1 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ. 50 ಮಿಲಿಯಲ್ಲಿ 21 ಮಿಲಿಗ್ರಾಂ, ಅಂದರೆ ಲೀಟರಿಗೆ 420. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ 200 ಮಿಲಿಗ್ರಾಂವರೆಗೆ ಒಳ್ಳೆಯದು, ಬೇರೆ ನೀರು ಸಿಗದಿದ್ದರೆ 600ರವರೆಗೆ ಒಪ್ಪಬಹುದು. ತನ್ನ ಮನೆಯ ನೀರು ಎಲ್ಲಿ ನಿಲ್ಲುತ್ತದೆ ಅಂತ ಅವಳೇ ಲೆಕ್ಕ ಹಾಕಿದಳು. ಮನೆಗೆ ಹೋಗಿ ಅಮ್ಮನಿಗೆ ಹೇಳಿದಳಂತೆ. ಆ ಲೆಕ್ಕವನ್ನು ಅವಳು ಮತ್ತೆ ಓದಬೇಕಾಗಿ ಬರಲಿಲ್ಲ.

ಎರಡನೇ ಇಂಟರ್ನಲ್ಸ್‌ನಲ್ಲಿ 20ಕ್ಕೆ 14 ಬಂತು. ಕೊನೇ ವಾರ ಹೊಸ ಪದ್ಧತಿ ಏನೂ ಶುರು ಮಾಡಲಿಲ್ಲ. ತಪ್ಪಿನ ಪುಸ್ತಕ, ಚೀಟಿ ಡಬ್ಬ, ಎರಡು ಪೂರ್ತಿ ಪ್ರಶ್ನೆಪತ್ರಿಕೆ ಗಡಿಯಾರ ಇಟ್ಟುಕೊಂಡು. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬಿಡಬಾರದು ಅಂತ ಮಾತು ತೆಗೆದುಕೊಂಡೆ. ಹತ್ತಕ್ಕೆ ಮಲಗಿದೆ ಅಂದಳು.

ಪರೀಕ್ಷೆ ಮುಗಿದ ಮೇಲೆ ಪ್ರಶ್ನೆಪತ್ರಿಕೆ ಹಿಡಿದು ನೇರ ನನ್ನ ಹತ್ತಿರ ಬಂದಳು. 6.3 ಗ್ರಾಂ ಆಕ್ಸಾಲಿಕ್ ಆಮ್ಲದ ಹರಳನ್ನು ಕರಗಿಸಿ 500 ಮಿಲಿ ದ್ರಾವಣ ಮಾಡಿದರೆ ಮೋಲಾರಿಟಿ ಎಷ್ಟು ಅಂತ ಒಂದು ಪ್ರಶ್ನೆ ಇತ್ತು. ಹರಳು ಅನ್ನುವ ಪದದ ಕೆಳಗೆ ಅವಳು ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದಿದ್ದಳು. ಪಕ್ಕದಲ್ಲಿ ಸಣ್ಣದಾಗಿ 126. ಉತ್ತರ 0.1.

ಥಿಯರಿಯಲ್ಲಿ 60ಕ್ಕೆ 43 ಬಂತು. ಕಳೆದುಕೊಂಡ 17ರಲ್ಲಿ 11 ಒಂದೇ ಘಟಕದವು, ಸಾವಯವ ಸಂಯುಕ್ತಗಳ ಹೆಸರು ಮತ್ತು ರಚನೆ. ಮೋಲ್, ಟೈಟ್ರೇಷನ್ ಅಂತ ಏಳು ವಾರದಲ್ಲಿ ಆರು ವಾರ ಕೊಟ್ಟು, ಆ ಘಟಕಕ್ಕೆ ಕೊನೆಯಲ್ಲಿ ನಾಲ್ಕೇ ದಿನ ಉಳಿಸಿದ್ದು ನಾನು. ಮತ್ತೆ ಇಂಥ ವಿದ್ಯಾರ್ಥಿ ಬಂದರೆ ಎರಡನೇ ವಾರದಿಂದಲೇ ಆ ಚೀಟಿಗಳನ್ನೂ ಡಬ್ಬಕ್ಕೆ ಸೇರಿಸುತ್ತೇನೆ. ರಚನೆಗಳನ್ನು ನೆನಪಿನಿಂದ ಬಿಡಿಸುವುದಕ್ಕೆ ಬಸ್ಸು ಒಳ್ಳೆಯ ಜಾಗವಲ್ಲ, ಅದಕ್ಕೆ ಬೇರೆ ಹೊತ್ತು ಹುಡುಕಬೇಕು.

ಎರಡನೇ ಸೆಮಿಸ್ಟರ್ ಶುರುವಾದ ವಾರ ಅವಳು ಮತ್ತೆ ಬಂದಳು. ಜೊತೆಗೆ ಅದೇ ಕ್ಲಾಸಿನ ಇನ್ನಿಬ್ಬರು ಹುಡುಗಿಯರು. ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದಳು. ಕಡಲೆ, ಹುರುಳಿ, ರಾಗಿ. "ಇವರಿಗೆ ನಾನೇ ತೋರಿಸ್ತೀನಿ ಮೇಡಂ, ತಕ್ಕಡಿ ಒಂದು ಬೇಕಿತ್ತು" ಅಂದಳು. ಲ್ಯಾಬಿನ ಬೀಗದ ಕೈ ಕೊಟ್ಟೆ.